ನಿಂದ್ರ ನಿಂದ್ರ ಮುಂದಿನಾಕಿ

ಕನ್ನಡ, ಮರಾಠಿ ಎರಡೂ ಆಡುವ ಗಡಿಯ ಊರು ಉಮರ್ಗಾದ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಮಂಗಲಾ ಎಂದರೆ ಯಾರು ಎಂದು ಕೇಳಿದರೆ ಕೆಲವು ವರ್ಷ ಒಂದೇ ಉತ್ತರ ಸಿಗುತ್ತಿತ್ತು: "ಆಕೀನೇ ರೀ, ಭೂಕಂಪದ ಹಾಡು ಹಾಡ್ತಾಳಲ್ಲ, ಹಾಡ್ತಾ ಹಾಡ್ತಾ ಅಳ್ತಾಳಲ್ಲ, ಬಟ್ಟಿ ಅಂಗಡಿ ಸಿದ್ಧೇಶ್ವರನ ಹೆಂಡತಿ." ಅದಕ್ಕೂ ಮೊದಲು ಇದೇ ಮಂಗಲಾ ಹಾಡಿದರೆ ಮದುವೆ ಮಂಟಪದಲ್ಲಿ ಮುದುಕರೂ ಎದ್ದು ಕುಣಿಯುತ್ತಿದ್ದರು ಎಂಬುದು ಊರಿಗೆ ಮರೆತೇಹೋಗಿತ್ತು. ಮಂಗಲಾಳಿಗೂ ಹೆಚ್ಚುಕಡಿಮೆ ಮರೆತಿತ್ತು.

ಅವಳು ಹುಟ್ಟಿದ್ದು ಸಾಸ್ತೂರಿನಲ್ಲಿ. ಸ್ವಂತ ಹೊಲವಿದ್ದ ಒಕ್ಕಲುತನದ ಮನೆ. ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಯಾರೂ ರೊಟ್ಟಿ ಮುರಿಯದ ಮನೆತನ. ಅವಳು ಏಳು ವರ್ಷದವಳಿದ್ದಾಗ, ಉಮರ್ಗಾದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ಸೋದರಮಾವ ರೇವಣಸಿದ್ಧ ಗಣಪತಿ ಹಬ್ಬ ತೋರಿಸಲು ಅವಳನ್ನು ಕರೆದುಕೊಂಡು ಬಂದಿದ್ದ. ಗಣಪತಿ ಕಳಿಸಿದ ಆ ರಾತ್ರಿಯೇ ಭೂಮಿ ನಡುಗಿತು. ಮಾವನ ಮನೆಯಲ್ಲಿ ಗೋಡೆ ಬಿರಿಯಿತು, ಕಾಳಿನ ಚೀಲಗಳು ಉರುಳಿದವು, ಅಷ್ಟೇ. ಸಾಸ್ತೂರಿನ ಕಲ್ಲುಮಣ್ಣಿನ ಮನೆಗಳು ಮಲಗಿದವರ ಮೇಲೆ ಕುಸಿದವು. ಅವ್ವ ಮಾಣಿಕಬಾಯಿ, ಅಪ್ಪ, ತೊಟ್ಟಿಲಲ್ಲಿದ್ದ ತಮ್ಮ, ಮೂವರೂ ಹೋದರು. ಮಾವ ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ಹುಡುಗಿಗೆ ಏನನ್ನೂ ತೋರಿಸಲಿಲ್ಲ. ಹಬ್ಬಕ್ಕೆಂದು ಬಂದ ಮಂಗಲಾ ಆ ಮನೆಯಲ್ಲೇ ಉಳಿದು ಬೆಳೆದಳು.

ಮಾವನ ಮಗ ನಿಲೇಶ ಅವಳಿಗಿಂತ ಒಂದು ವರ್ಷಕ್ಕೆ ಸಣ್ಣವನು. ಇಬ್ಬರೂ ಅಕ್ಕತಮ್ಮಂದಿರ ಹಾಗೆ ಜಗಳಾಡುತ್ತ, ಅಂಗಡಿಯ ತೊಗರಿಬೇಳೆಯ ರಾಶಿಯ ಮೇಲೆ ಜಾರುತ್ತ ದೊಡ್ಡವರಾದರು. ನಿಲೇಶನಿಗೆ ವಾದ್ಯಗಳ ಹುಚ್ಚು. ಮೆರವಣಿಗೆಯಲ್ಲಿ ಬಾರಿಸುವವರ ಹತ್ತಿರ ಕಾಡಿ ಬೇಡಿ ಕೀಲಿ ಒತ್ತಿ ನುಡಿಸುವ ಬ್ಯಾಂಜೊ ಕಲಿತ, ಸೊಲ್ಲಾಪುರದಲ್ಲಿ ಓದುವಾಗ ಗಿಟಾರ್ ಕಲಿತ. ತಿರುಗಿ ಬಂದು ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಹಾಕಿದ. ಅಷ್ಟರಲ್ಲಿ ಮಂಗಲಾಳಿಗೆ ಅದೇ ಊರಿನ ಬಟ್ಟೆ ವ್ಯಾಪಾರಿ ಸಿದ್ಧೇಶ್ವರನ ಜೊತೆ ಮದುವೆಯಾಗಿತ್ತು. ಸಿದ್ಧೇಶ್ವರ ಮಾತು ಕಡಿಮೆಯ ಮನುಷ್ಯ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವಾಗ ಎಷ್ಟು ಮಾತೋ ಅಷ್ಟೇ, ಮನೆಗೆ ಬಂದರೆ ಅದೂ ಇಲ್ಲ. ಅವನ ತಾಯಿ ಬಂಡಮ್ಮ ಮಗನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು.

ಒಂದು ಬಸವ ಜಯಂತಿಗೆ, ಹಾಡಬೇಕಾಗಿದ್ದವರು ಬರಲಿಲ್ಲವೆಂದು ನಿಲೇಶ ಅಕ್ಕನನ್ನು ವೇದಿಕೆಗೆ ಎಳೆದ. ಲೋಹಾರಾದಿಂದ ಬಂದಿದ್ದ ದಿಗಂಬರ ಎಂಬ ರೈತ ಢೋಲಕಿ ಹಿಡಿದು ಕೂತಿದ್ದ. ಭಜನೆಗೆ ಬಾರಿಸುವವನಾದರೂ ಅವನ ಬೆರಳು ಭಜನೆಯಲ್ಲಿ ನಿಲ್ಲುತ್ತಿರಲಿಲ್ಲ. ಮೂವರೂ ಸೇರಿ ಅವತ್ತು ಏನೋ ಒಂದು ಹಾಡಿ ಮುಗಿಸಿದರು. ಜನ ಬಿಡಲಿಲ್ಲ. ಹೀಗೆ ಬ್ಯಾಂಡು ಹುಟ್ಟಿತು. ಹೊಲದ ಅಂಚಿಗೆ ಹಳದಿ ಹೂ ಬಿಟ್ಟು ಕೈ ಹಾಕಿದರೆ ಚುಚ್ಚುವ ಬೆಳೆಯ ಹೆಸರನ್ನೇ ಇಟ್ಟರು: ಕುಸುಬಿ.

ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಹಳೆಯ ಸ್ಟಾಕ್ ಇಡುತ್ತಿದ್ದ ಕೋಣೆಯಲ್ಲಿ ಅವರ ತಾಲೀಮು. ಸುತ್ತ ಬಟ್ಟೆಯ ಥಾನುಗಳಿದ್ದುದರಿಂದ ದನಿ ಹೊರಗೆ ಹೋಗುತ್ತಿರಲಿಲ್ಲ, ರೆಕಾರ್ಡು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ಯಾವ ಕಂಪನಿಯೂ ಇಲ್ಲ, ಯಾರ ಅಪ್ಪಣೆಯೂ ಇಲ್ಲ. ತಾವೇ ಹಾಡು ಕಟ್ಟಿ, ತಾವೇ ರೆಕಾರ್ಡು ಮಾಡಿ, ನಿಲೇಶನ ಅಂಗಡಿಗೆ ಬಂದ ಗಿರಾಕಿಗಳ ಫೋನಿಗೆ ತುಂಬಿ ಕಳಿಸುತ್ತಿದ್ದರು. ಅವರ ಮೊದಲ ಹಾಡು ಉದಗೀರಕ್ಕೆ ಹೋಗುವ ಎಸ್‌ಟಿ ಬಸ್ಸಿನದು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಒಬ್ಬ ಮಾವ ನಿಲಂಗಾದಲ್ಲಿ ಚಹಾ ಕುಡಿಯಲು ಇಳಿಯುತ್ತಾನೆ. ಟವೆಲ್ ಕೂತು ಉದಗೀರಕ್ಕೆ ಹೋಗುತ್ತದೆ, ಮಾವ ನಿಲಂಗಾದಲ್ಲೇ ನಿಲ್ಲುತ್ತಾನೆ. ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ, ನಡುವೆ ಬ್ಯಾಂಜೊ ಹಾರ್ನಿನ ಹಾಗೆ ಕೂಗುತ್ತಿತ್ತು. ಸೊಸೆ ಹಾಡುವುದೇನು, ಕುಣಿಸುವುದೇನು ಎಂದು ಮುಖ ಗಂಟು ಹಾಕಿಕೊಂಡಿದ್ದ ಬಂಡಮ್ಮ ಕೂಡ ಅದನ್ನು ಕೇಳಿ ಸೆರಗು ಬಾಯಿಗಿಟ್ಟು ನಕ್ಕಳು. "ಈ ಟವೆಲ್ಲಿನಂವಾ ನಮ್ಮ ಅಣ್ಣನೇ ಇದ್ದಾಂಗ ಅದಾನ" ಎಂದಳು. ನಿಲಂಗಾದ ಮದುವೆಗಳಿಗೆ, ಉದಗೀರದ ಶಾಲೆಗಳ ವಾರ್ಷಿಕ ಗ್ಯಾದರಿಂಗಿಗೆ, ಲೋಹಾರಾದ ಸಂತೆಗೆ ಕರೆ ಬರತೊಡಗಿತು.

ಹೀಗಿರುವಾಗ ಒಂದು ಸಂಜೆ ತಾಲೀಮು ಮುಗಿದ ಮೇಲೆ ನಿಲೇಶ ಸುಮ್ಮನೆ ಕೇಳಿದ: "ಅಕ್ಕಾ, ಅತ್ತಿ ಹಾಡ್ತಿದ್ಳಂತ ಅಪ್ಪ ಹೇಳ್ತಿದ್ದ. ನಿನಗ ಯಾವುದರೆ ನೆಪ್ಪದ ಏನು?"

ಮಂಗಲಾಳಿಗೆ ಅವ್ವನ ನೆನಪು ಇದ್ದುದೇ ಸ್ವಲ್ಪ. ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಅವ್ವ ಅವಳನ್ನು ಮಲಗಿಸಿ ಹೋಗುತ್ತಿದ್ದಳು. ಅರ್ಧ ನಿದ್ದೆಯಲ್ಲಿ, ಹೊಲದ ಆ ತುದಿಯಿಂದ, ಗಾಳಿಯಲ್ಲಿ ತೇಲಿಕೊಂಡು ಒಂದು ಸಾಲು ಬರುತ್ತಿತ್ತು. ಅದನ್ನೇ ಮೆಲ್ಲಗೆ ಗುನುಗಿದಳು:

"ನಿಂದ್ರ ನಿಂದ್ರ ಮುಂದಿನಾಕಿ, ನಾನೂ ಬರತೀನಿ…"

ನಿಲೇಶನ ಕೈ ಗಿಟಾರಿನ ಮೇಲೆ ಹಾಗೇ ನಿಂತಿತು. ಮುಂದೆ ಹೋದ ತಾಯಿಯನ್ನು ಹಿಂದೆ ಉಳಿದ ಮಗಳು ಕೂಗಿ ನಿಲ್ಲಿಸುತ್ತಿರುವ ಹಾಗೆ ಅವನಿಗೆ ಕೇಳಿಸಿತು. ಮಂಗಲಾಳಿಗೂ ಆ ಗಳಿಗೆಯಲ್ಲಿ ಹಾಗೆಯೇ ಕೇಳಿಸಿತು, ಕಣ್ಣು ತುಂಬಿತು. ಆ ಒಂದು ಸಾಲಿನ ಸುತ್ತ ನಿಲೇಶ ಕತ್ತಲು, ಮಣ್ಣು, ಆರಿದ ದೀಪ ಎಂದು ಮರಾಠಿ ಸಾಲುಗಳನ್ನು ಕಟ್ಟಿದ. ಲಯವನ್ನು ಇನ್ನಷ್ಟು ನಿಧಾನ ಮಾಡಿದ. ಬ್ಯಾಂಜೊ ಬೇಡವೆಂದ. ಢೋಲಕಿ ಅಲ್ಲೊಂದು ಇಲ್ಲೊಂದು ಪೆಟ್ಟು ಸಾಕೆಂದ. ರೆಕಾರ್ಡು ಮಾಡುವಾಗ ಕೊನೆಯಲ್ಲಿ ಮಂಗಲಾಳ ದನಿ ಒಡೆಯಿತು. ಅದನ್ನು ಹಾಗೆಯೇ ಬಿಟ್ಟರು.

ಆ ಹಾಡು ಫೋನಿನಿಂದ ಫೋನಿಗೆ ಹಾರಿತು. ಲಾತೂರಿನಿಂದ ಸೊಲ್ಲಾಪುರ, ಅಲ್ಲಿಂದ ಪುಣೆ. ಕೇಳಿದವರೆಲ್ಲ ಅತ್ತರು. ಭೂಕಂಪದ ನೆನಪಿನ ದಿನ ಬಂದರೆ ಸಾಕು, ಎರಡು ಮೂರು ಊರಿನವರು ಒಟ್ಟಿಗೇ ಕರೆಯುತ್ತಿದ್ದರು. ಆಮೇಲಾಮೇಲೆ ಆ ದಿನವೇ ಬೇಕೆಂದಿರಲಿಲ್ಲ. ಪುಸ್ತಕದ ಸಮಾರಂಭವಾಗಲಿ, ಆಸ್ಪತ್ರೆಯ ಉದ್ಘಾಟನೆಯಾಗಲಿ, ಕುಸುಬಿ ಬ್ಯಾಂಡು ಬಂದರೆ ಆ ಹಾಡು ಆಗಲೇಬೇಕು. ಅದರ ಜೊತೆಗಿರಲೆಂದು ನಿಲೇಶ ಅದೇ ಜಾತಿಯ ಇನ್ನೂ ನಾಲ್ಕಾರು ಹಾಡು ಕಟ್ಟಿದ. ಎಲ್ಲವೂ ನಿಧಾನ, ಎಲ್ಲವೂ ಕಪ್ಪು. ಮೂವರೂ ಬಿಳಿ ಬಟ್ಟೆ ಹಾಕಿಕೊಂಡು ಕೂರತೊಡಗಿದರು. ಬ್ಯಾಂಜೊ ಮಾಳಿಗೆಯ ಅಟ್ಟ ಸೇರಿತು.

ಒಮ್ಮೆ ನಿರೂಪಕನೊಬ್ಬ ಅವಳನ್ನು "ಅವಶೇಷಗಳಡಿಯಿಂದ ಎದ್ದು ಬಂದ ಮಗಳು" ಎಂದು ಕರೆದ. ಕಾರ್ಯಕ್ರಮ ಮುಗಿದ ಮೇಲೆ ಮಂಗಲಾ ಅವನ ಹತ್ತಿರ ಹೋಗಿ, ತಾನು ಆ ರಾತ್ರಿ ಊರಲ್ಲೇ ಇರಲಿಲ್ಲ, ಮಾವನ ಮನೆಯಲ್ಲಿದ್ದೆ ಎಂದಳು. ಅವನು ನಕ್ಕು, ಅದರಿಂದ ಏನು ವ್ಯತ್ಯಾಸ ಅಕ್ಕಾ, ದುಃಖ ದುಃಖವೇ ಅಲ್ಲವೇ ಎಂದು ಮೈಕಿನ ವೈರು ಸುತ್ತತೊಡಗಿದ.

ದಿಗಂಬರನಿಗೆ ಮೊದಲು ಬೇಸರ ಬಂತು. "ತಂಗೀ, ಒಂದು ಕಾರ್ಯಕ್ರಮಕ್ಕ ನಾ ನಾಕು ಸಲ ಢೋಲಕಿ ಮುಟ್ತೀನಿ. ಊಟ ಮಾತ್ರ ಪೂರಾ ಮಾಡಿ ಬರ್ತೀನಿ. ನನ್ನ ಕೈಗೇ ನಾಚಿಕಿ ಬರ್ಲತ್ತದ" ಎಂದು ನಗುತ್ತಲೇ ಹೇಳಿದ. ಮುಂದಿನ ಸಲ ಸೋಯಾ ಕಟಾವಿದೆ ಎಂದ. ಅದರ ಮುಂದಿನ ಸಲ ಎಮ್ಮೆಗೆ ಹುಷಾರಿಲ್ಲ ಎಂದ. ಕೊನೆಗೆ ಅವನನ್ನು ಕರೆಯುವುದನ್ನೇ ಬಿಟ್ಟರು. ಯಂತ್ರದಲ್ಲಿ ಒತ್ತಿದರೆ ಅಷ್ಟು ಪೆಟ್ಟು ಬರುತ್ತಿತ್ತು.

ಪುಣೆಯಲ್ಲೊಂದು ಸಂಜೆ ಮಂಗಲಾಳಿಗೆ ಅಳು ಬರಲಿಲ್ಲ. ಹಾಡು ಹಾಡಿದಳು, ದನಿ ಒಡೆಯಬೇಕಾದ ಜಾಗ ಬಂತು, ಹೋಯಿತು. ಕಣ್ಣು ಒಣಗಿಯೇ ಇತ್ತು. ಒಳಗೆ ಏನೂ ಆಗಲಿಲ್ಲ. ರಾತ್ರಿ ಊರಿಗೆ ಬಸ್ಸು ಸಿಗುತ್ತದೋ ಇಲ್ಲವೋ ಎಂಬ ಯೋಚನೆ ಬಂತು. ಕೆಳಗಿಳಿದಾಗ ಕಾರ್ಯಕ್ರಮ ಮಾಡಿಸಿದವರಲ್ಲೊಬ್ಬ ಮೆಲ್ಲಗೆ ಕೇಳಿದ: "ತಾಈ, ಆಜ್ ರಡ್ಲಾ ನಾಹೀತ್?" ಅಕ್ಕಾ, ಇವತ್ತು ಅಳಲಿಲ್ಲವಲ್ಲ ಎಂದು. ಬೈಗುಳವೇನಲ್ಲ, ಕಾಳಜಿಯಿಂದಲೇ ಕೇಳಿದ್ದ. ಚಹಾಕ್ಕೆ ಸಕ್ಕರೆ ಸಾಲಲಿಲ್ಲವೇ ಎಂದು ಕೇಳುವ ಹಾಗೆ.

ಆ ಮಾತು ಅವಳ ಜೊತೆ ಉಮರ್ಗಾದವರೆಗೂ ಬಂತು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಅವ್ವನ ಮುಖ ನೆನೆಸಿಕೊಳ್ಳಲು ನೋಡಿದಳು. ಕಂಡದ್ದು ಮುಖವಲ್ಲ, ವೇದಿಕೆಯ ಹಿಂದಿನ ಬ್ಯಾನರಿನ ಮೇಲೆ ಬರೆಸುತ್ತಿದ್ದ ಚಿತ್ರ: ಕುಸಿದ ಮನೆ, ಒಂದು ಕೈ, ಒಂದು ಆರಿದ ದೀಪ.

ಮರುದಿನ ಅವಳು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದನ್ನು ಬಂಡಮ್ಮ ನೋಡಿದಳು. ಸೊಸೆಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಪುಣೆಯಲ್ಲಿ ಆದದ್ದನ್ನು ಬಾಯಿ ಬಿಡಿಸಿದಳು. ಕೇಳಿ ಮುಗಿಸಿ, ಸ್ವಲ್ಪ ಹೊತ್ತು ರೊಟ್ಟಿ ತಟ್ಟಿ, ಒಮ್ಮೆಲೇ ಅಂದಳು:

"ನಾ ಒಂದು ಮಾತು ಕೇಳ್ತೀನಿ, ಸಿಟ್ಟಿಗಿ ಬರಬ್ಯಾಡ. ನಿಮ್ಮವ್ವಗ ಸಾಯೋದು ಬಿಟ್ರ ಬ್ಯಾರೆ ಕೆಲಸ ಇದ್ದಿಲ್ಲೇನು?"

ಮಂಗಲಾ ತಲೆ ಎತ್ತಿ ನೋಡಿದಳು.

"ಖರೇ ಕೇಳ್ಲತ್ತೀನಿ. ಆಕಿ ಎಷ್ಟು ವರ್ಷ ಬದುಕಿದ್ಳು? ಅಡಗಿ ಮಾಡಿರಬೇಕು, ಹೊಲಕ್ಕ ಹೋಗಿರಬೇಕು, ಗಂಡನ ಕೂಡ ಜಗಳ ಆಡಿರಬೇಕು. ಅದರಾಗಿಂದು ಒಂದರೆ ನಿನಗ ಗೊತ್ತದ ಏನು? ಸತ್ತ ಒಂದು ರಾತ್ರೀನೇ ಹಿಡಕೊಂಡು ಊರೂರಿಗಿ ಹೊತ್ತು ತಿರಗ್ಲತ್ತೀರಿ."

"ನನಗ ಯಾರು ಹೇಳ್ಬೇಕು ಅತ್ತಿ? ಮಾವಾಗ ಕೇಳಿದ್ರ ಕಣ್ಣೀರು ತಗೀತಾನ, ಮಾತೇ ಹೊರಡಂಗಿಲ್ಲ."

"ಸಾಸ್ತೂರದಾಗ ಹೆಣ್ಮಕ್ಕಳು ಎಲ್ಲಾ ಸತ್ತಾರೇನು? ಹೋಗಿ ಕೇಳು."

ಸಾಸ್ತೂರಿಗೆ ಮಂಗಲಾ ಹೋಗುತ್ತಲೇ ಇದ್ದಳು, ವರ್ಷಕ್ಕೊಮ್ಮೆ. ಸ್ಮಾರಕಕ್ಕೆ ಹೂ ಹಾಕಿ, ವೇದಿಕೆ ಹತ್ತಿ ಹಾಡಿ, ಗಣ್ಯರ ಜೊತೆ ಊಟ ಮಾಡಿ ತಿರುಗಿ ಬರುವುದು. ಈ ಸಲ ಏನೂ ಇಲ್ಲದ ಒಂದು ಮಂಗಳವಾರ, ಅಂಗಡಿಗೆ ರಜೆ ಹಾಕಿ ಸಿದ್ಧೇಶ್ವರನೇ ಮೋಟಾರ್‌ಸೈಕಲ್ಲಿನಲ್ಲಿ ಕರೆದೊಯ್ದ. ಯಾಕೆ ಏನು ಎಂದು ಕೇಳಲಿಲ್ಲ. ಭೂಕಂಪದ ನಂತರ ಕಟ್ಟಿದ ಹೊಸ ಊರಿನ ರಸ್ತೆಗಳು ಅಗಲ, ಮನೆಗಳು ನೇರ ಸಾಲಿನಲ್ಲಿ, ಒಂದರ ಹಾಗೆ ಇನ್ನೊಂದು. ನಾಲ್ಕು ಕಡೆ ಕೇಳಿಕೊಂಡು ಸರುಬಾಯಿಯ ಮನೆ ಹುಡುಕಿದರು. ಅವ್ವನ ಜೊತೆ ಹೊಲದ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ಬದುಕಿ ಉಳಿದವರ ಪೈಕಿ ಸರುಬಾಯಿ ಒಬ್ಬಳು ಎಂದು ಮಾವ ಹಿಂದೊಮ್ಮೆ ಹೇಳಿದ್ದ.

ಸರುಬಾಯಿ ಅಂಗಳದಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಪಕ್ಕದ ಮನೆಯ ಕುಸುಮಬಾಯಿ ಕಾಲು ಚಾಚಿ ಕೂತಿದ್ದಳು. ಮಂಗಲಾ ತಾನು ಯಾರೆಂದು ಹೇಳಿದಳು.

"ಮಾಣಿಕನ ಮಗಳಾ?" ಸರುಬಾಯಿ ಮೊರ ಕೆಳಗಿಟ್ಟು ಅವಳ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು. "ಪ್ರತಿ ವರ್ಷ ದೂರದಿಂದ ನೋಡ್ತೀವಿ ಪೋರಿ. ದೊಡ್ಡ ದೊಡ್ಡ ಮಂದಿ ನಡುವ ಇರ್ತಿ, ಹೆಂಗ ಬರೋದು ಅಂತ ಸುಮ್ಮನಾಗ್ತೀವಿ."

"ಮೌಶಿ, ನಮ್ಮವ್ವ ಹೆಂಗಿದ್ಳು?"

ಮುದುಕಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆದದ್ದನ್ನು ಮಂಗಲಾ ಎಣಿಸಿರಲಿಲ್ಲ: ಇಬ್ಬರಿಗೂ ನಗು ಬಂತು.

"ಮೈಗಳ್ಳಿ ಇದ್ಳು" ಎಂದಳು ಕುಸುಮಬಾಯಿ.

"ಏ, ಸತ್ತಾಕಿಗಿ ಹಂಗ ಅನಬ್ಯಾಡ. ಮೈಗಳ್ಳಿ ಅಲ್ಲ, ಆಕಿ ಕೈ ನಿಧಾನ. ಕಳೆ-ಸದಿ ತೆಗಿಯಾಕ ನಾವೆಲ್ಲಾ ಖುರ್ಪಿ ಹಿಡಕೊಂಡು ಸಾಲು ಹಿಡಿದ್ರ, ನಾವು ಆ ಕಡಿ ಬದು ಮುಟ್ಟಿ ನೀರು ಕುಡೀತಿದ್ದೆವು, ಆಕಿ ಇನ್ನೂ ಅರ್ಧಾ ಸಾಲಿನ್ಯಾಗ ಇರ್ತಿದ್ಳು. ಆದ್ರ ಬಾಯಿ! ಅಬಾಬಾಬಾ. ಹಿಂದ ಉಳದಿದ್ದಕ್ಕ ದಿನಾ ಒಂದೊಂದು ನೆಪ ತಗದು ಪದ ಕಟ್ತಿದ್ಳು. ಅದನ್ನೇ ನೀ ಹಾಡ್ತಿಯಲ್ಲ."

"ನಾನಾ?"

"ನಿಂದ್ರ ನಿಂದ್ರ ಮುಂದಿನಾಕಿ. ಫೋನಿನ್ಯಾಗ ಕೇಳೀವಿ. ಮೊದಲಿಗಿ ಗುರ್ತೇ ಹತ್ತಲಿಲ್ಲ. ಅಷ್ಟು ನಿಧಾನ ಹಾಡಿದ್ರ ಹೊತ್ತು ಮುಣಗೋದ್ರಾಗ ಸಾಲು ಮುಗೀತದೇನು?"

ಸರುಬಾಯಿ ಮೊರವನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ಬೆರಳಿನಿಂದ ಬಡಿಯುತ್ತ ಶುರು ಮಾಡಿದಳು. ಖುರ್ಪಿ ಆಡಿಸುವ ವೇಗ, ಕೈಯ ಹಿಂದೆ ಕೈ:

"ನಿಂದ್ರ ನಿಂದ್ರ ಮುಂದಿನಾಕಿ, ನಾನೂ ಬರತೀನಿ
ಸೆರಗಿಗಿ ಹತ್ತ್ಯಾದ ಜಾಲಿ ಮುಳ್ಳ, ಬಿಡಿಸಿ ಬರತೀನಿ"

ಕುಸುಮಬಾಯಿ ಮುಂದೆ ಹೋದವಳಾಗಿ ಉತ್ತರ ಕೊಟ್ಟಳು:

"ಮುಳ್ಳ ಎಲ್ಲದ ಹಿಂದಿನಾಕಿ, ಸುಳ್ಳ ಹೇಳಬ್ಯಾಡ
ನಿನ್ನ ಸಾಲಿನ ಹುಲ್ಲ ನಗಲತ್ತದ, ತಿರುಗಿ ನೋಡಬ್ಯಾಡ"

"ನಿಂದ್ರ ನಿಂದ್ರ ಮುಂದಿನಾಕಿ, ನಾನೂ ಬರತೀನಿ
ಅತ್ತಿ ಕೊಟ್ಟ ರೊಟ್ಟಿ ದಪ್ಪ, ನುಂಗಿ ಬರತೀನಿ"

"ದಪ್ಪ ಅಲ್ಲ, ಕರಕ. ಅತ್ತಿ ಕೊಟ್ಟ ರೊಟ್ಟಿ ಕರಕ" ಎಂದು ಕುಸುಮಬಾಯಿ ತಡೆದಳು.

"ಕರಕ ರೊಟ್ಟಿ ನುಂಗಾಕ ಎಷ್ಟೊತ್ತು ಬೇಕು? ದಪ್ಪ ಇದ್ರೇನೇ ತಡ ಆಗೋದು. ಮಾಣಿಕ ದಪ್ಪ ಅಂತಿದ್ಳು, ನನಗ ಪಕ್ಕಾ ಗೊತ್ತದ."

"ನಿನಗೇನು ಗೊತ್ತು, ನೀ ಯಾವಾಗ್ಲೂ ಎಲ್ಲರಕಿಂತ ಮುಂದ ಇರ್ತಿದ್ದಿ. ಆಕಿ ಬಾಜೂಕ ನಾ ಇರ್ತಿದ್ದೆ."

ಇಬ್ಬರೂ ರೊಟ್ಟಿಯ ಮೇಲೆ ಜಗಳಕ್ಕೆ ಬಿದ್ದರು. ಮಂಗಲಾಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಪುಣೆಯಲ್ಲಿ ಬಾರದಿದ್ದ ಅಳು ಅದು, ತಡೆಯಲಾಗಲಿಲ್ಲ. ಸೆರಗಿನ ಮುಳ್ಳು ಬಿಡಿಸಿಕೊಳ್ಳುತ್ತ, ಎಲ್ಲರಿಗಿಂತ ಹಿಂದೆ, ಬಿಸಿಲಲ್ಲಿ ಸುಳ್ಳು ಹೇಳಿ ನಗಿಸುತ್ತಿರುವ ಒಬ್ಬ ಹೆಂಗಸು ಅವಳಿಗೆ ಮೊಟ್ಟಮೊದಲ ಸಲ ಕಂಡಳು. ಬೇವಿನ ಗಿಡದ ಕೆಳಗೆ ನಿದ್ದೆಗಣ್ಣಿನ ಮಗುವಿಗೆ ಹೊಲದ ಆ ತುದಿಯ ನಗು ಕೇಳಿರಲಿಲ್ಲ. ಗಾಳಿ ತಂದಷ್ಟೇ ಕೇಳಿತ್ತು.

ಸರುಬಾಯಿ ಅವಳ ಬೆನ್ನ ಮೇಲೆ ಕೈ ಇಟ್ಟಳು. "ಅಳು, ಅಳು. ನಂದೂ ಇಬ್ಬರು ಮಕ್ಕಳು ಹೋಗ್ಯಾರ. ಅತ್ತಿಲ್ಲ ಅಂತಲ್ಲ. ಆದ್ರ ಅವರು ನೆಪ್ಪಾದಾಗ ಒಮ್ಮೊಮ್ಮಿ ನಗೂನೂ ಬರ್ತದ. ಅದಕ್ಯಾಕ ಬ್ಯಾಡ ಅನ್ಬೇಕು?"

ತಿರುಗಿ ಬರುವಾಗ ದಾರಿಯಲ್ಲಿ ಸಿದ್ಧೇಶ್ವರ ಬಾಯಿ ಬಿಟ್ಟ. "ದಪ್ಪಾನೇ ಸರಿ ಅನಸ್ತದ" ಎಂದ.

ನಿಲೇಶ ಮಾತ್ರ ಒಪ್ಪಲಿಲ್ಲ. ಭೂಕಂಪವಾಗಿ ಇಪ್ಪತ್ತೈದು ವರ್ಷ ತುಂಬುತ್ತಿದ್ದ ಕಾಲ ಅದು. ಪುಣೆಯಲ್ಲಿ ದೊಡ್ಡ ಕಾರ್ಯಕ್ರಮವೊಂದು ಗೊತ್ತಾಗಿತ್ತು. "ಅಕ್ಕಾ, ಜನರಿಗಿ ಆ ಹಾಡಂದ್ರ ದೇವರಿದ್ದಾಂಗ. ಅದಕ್ಕ ಹೋಗಿ ನಾವೇ ರೊಟ್ಟಿ, ಮುಳ್ಳು ಅಂತ ಸೇರಸಿದ್ರ ಏನಂತಾರ? ನಾಚಿಕಿಲ್ಲದವರು ಅಂತಾರ."

"ಹಾಡು ನಮ್ಮವ್ವಂದು, ಜನರದಲ್ಲ."

"ಅತ್ತೀದು ಒಂದು ಸಾಲು. ಉಳಕಿದ್ದು ನಾ ಬರದಿದ್ದು."

ಅದೂ ನಿಜವೇ. ಮಂಗಲಾ ಬಸ್ಸು ಹಿಡಿದು ಲೋಹಾರಾಕ್ಕೆ ಹೋದಳು. ದಿಗಂಬರ ಕಡಲೆ ಹೊಲದಲ್ಲಿ ನೀರು ಬಿಡುತ್ತಿದ್ದ. ಬದುವಿನ ಮೇಲೆ ನಿಂತೇ ಸರುಬಾಯಿಯಿಂದ ಕೇಳಿ ಬಂದ ಹಾಡನ್ನು ಹಾಡಿ ತೋರಿಸಿದಳು. ಅವನು ಕೆಸರಿನ ಕೈಯಲ್ಲೇ ಕೊಡವನ್ನು ಬೋರಲು ಮಾಡಿ ಬಾರಿಸಿದ. ಎರಡನೇ ಸಲಕ್ಕೆ ಅವಳಿಗಿಂತ ಮುಂದೆ ಓಡಿದ. "ಇದು ಬಾರಿಸೋ ಹಾಡು ತಂಗೀ" ಎಂದ. "ನಾಳಿ ಬರ್ತೀನಿ. ಎಮ್ಮಿಗಿ ಈಗ ಆರಾಮದ."

ಮರುದಿನ ಮಾಳಿಗೆಯ ಮೇಲೆ ಇಬ್ಬರೇ ಶುರು ಮಾಡಿದರು. ಕೆಳಗೆ ಬಟ್ಟೆ ಕೊಳ್ಳಲು ಬಂದವರು ಮೇಲೆ ನೋಡುವಷ್ಟು ಗದ್ದಲ. ನಿಲೇಶ ಒಂದು ವಾರ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು ಬಾಗಿಲಿಗೆ ಒರಗಿ ನಿಂತ. ಹಾಡು ಮುಗಿದ ಮೇಲೆ, "ನಡುವಿನ ಜಾಗ ಖಾಲಿ ಖಾಲಿ ಅನಸ್ಲತ್ತದ" ಎಂದ. ಅವನೇ ಅಟ್ಟ ಹತ್ತಿ ಬ್ಯಾಂಜೊ ಇಳಿಸಿದ. ತಂತಿಗಳಿಗೆ ತುಕ್ಕು ಹಿಡಿದಿತ್ತು, ಒಂದೊಂದು ಕೀಲಿಯೂ ಒಂದೊಂದು ತರಹ ಕಿರುಚಿತು. ದಿಗಂಬರ ನೆಲಕ್ಕೆ ಉರುಳಿ ನಕ್ಕ. ನಿಲೇಶನಿಗೆ ಸಿಟ್ಟು ಬಂತು, ಆಮೇಲೆ ಅವನೂ ನಕ್ಕ. ಮೂವರೂ ಒಂದೇ ಕೋಣೆಯಲ್ಲಿ ಕೂತು ನಕ್ಕು ವರ್ಷಗಳೇ ಆಗಿದ್ದವು.

ಮೊದಲ ಸಲ ಹೊಸ ರೀತಿಯಲ್ಲಿ ಹಾಡಿದ್ದು ನಿಲಂಗಾದಲ್ಲಿ, ವ್ಯಾಪಾರಿಗಳ ಸಮಾರಂಭವೊಂದರಲ್ಲಿ. ಜನ ಬಿಳಿ ಬಟ್ಟೆಯ ಮಂಗಲಾಳನ್ನು ಕಾಯುತ್ತಿದ್ದರು. ಅವಳು ಕುಸುಬಿ ಹೂವಿನ ಬಣ್ಣದ ಸೀರೆ ಉಟ್ಟು ಬಂದಳು. ಢೋಲಕಿ ಶುರುವಾದಾಗ ಯಾವುದೋ ಬೇರೆ ಹಾಡೆಂದುಕೊಂಡರು. ನಿಂದ್ರ ನಿಂದ್ರ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಂಟಪ ತಣ್ಣಗಾಯಿತು. ಯಾರೂ ನಗಲಿಲ್ಲ, ಯಾರೂ ಕೈ ತಟ್ಟಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಸತ್ತವರ ಹೆಸರಿನ್ಯಾಗ ಕುಣೀಲತ್ತೀರೇನವ್ವಾ?" ಎಂದು ಕೇಳಿ ಹೊರಗೆ ನಡೆದರು. ಅವರ ಹಿಂದೆ ಇನ್ನಷ್ಟು ಜನ. ಮಂಗಲಾ ಉಳಿದವರ ಮುಂದೆ ಹಾಡು ಮುಗಿಸಿದಳು. ಹಾಡಿಗಿಂತ ಮೊದಲು ಅದರ ಕತೆ ಹೇಳಬೇಕಿತ್ತು ಎಂದು ತಿರುಗಿ ಬರುವಾಗ ಜೀಪಿನಲ್ಲಿ ದಿಗಂಬರ ಅಂದ. ಸುದ್ದಿ ಪುಣೆಗೂ ಹೋಯಿತು. ಅಲ್ಲಿಯವರು ಫೋನು ಮಾಡಿ, ಹಳೆಯ ರೀತಿಯಲ್ಲೇ ಹಾಡುವುದಾದರೆ ಬನ್ನಿ ಎಂದರು. ನಿಲೇಶನೇ ಬರುವುದಿಲ್ಲ ಎಂದು ಹೇಳಿ ಫೋನಿಟ್ಟ.

ಉದಗೀರದಲ್ಲಿ ಒಂದು ಕಾಲೇಜಿನ ಹುಡುಗಿಯರು ಕರೆದರು. ಮಂಗಲಾ ಈ ಸಲ ಮೈಕಿನ ಮುಂದೆ ನಿಂತು ಮೊದಲು ಮಾತಾಡಿದಳು. ತಾನು ಆ ರಾತ್ರಿ ಊರಲ್ಲಿರಲಿಲ್ಲ ಎಂದಳು. ಅವ್ವನ ಹೆಸರು ಮಾಣಿಕಬಾಯಿ, ಕೆಲಸದಲ್ಲಿ ಎಲ್ಲರಿಗಿಂತ ಹಿಂದೆ, ಬಾಯಲ್ಲಿ ಎಲ್ಲರಿಗಿಂತ ಮುಂದೆ ಎಂದಳು. ಹುಡುಗಿಯರು ಗೊಳ್ಳೆಂದು ನಕ್ಕರು. ಆ ನಗು ಆರುವ ಮೊದಲೇ ದಿಗಂಬರ ಢೋಲಕಿಗೆ ಕೈ ಇಟ್ಟ. ಮುಂದಿನಾಕಿಯ ಸಾಲುಗಳನ್ನು ಹುಡುಗಿಯರೇ ಹಾಡತೊಡಗಿದರು. ಅಂಗಳದ ಧೂಳು ಎದ್ದಿತು. ಹಿಂದಿನಾಕಿಗೆ ಅವರೇ ಹೊಸ ನೆಪಗಳನ್ನು ಕಟ್ಟಿ ಕೂಗಿದರು: ಫೋನಿನ ಚಾರ್ಜ್ ಹೋಗಿದೆಯಂತೆ, ಎಸ್‌ಟಿ ತಪ್ಪಿದೆಯಂತೆ, ಅಣ್ಣ ಬಾಗಿಲಲ್ಲೇ ನಿಂತಿದ್ದಾನಂತೆ. ಮಂಗಲಾ ಹಾಡುತ್ತ ಹಾಡುತ್ತ ಉಸಿರು ಸಾಲದೆ ಕೂತಳು, ಹಾಡು ನಿಲ್ಲಲಿಲ್ಲ.

ಇದಾಗಿ ಕೆಲವು ದಿನಕ್ಕೆ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಬಟ್ಟೆ ಕೇಳಲಿಲ್ಲ. ಮಂಗಲಾ ಎಲ್ಲಿ ಎಂದಳು. ಹೆಸರು ಮುಕ್ತಾಬಾಯಿ, ಭೂಕಂಪದಲ್ಲಿ ತಂಗಿಯನ್ನು ಕಳೆದುಕೊಂಡವಳು, ಉಮರ್ಗಾದಲ್ಲೇ ಹಿಂದಿನ ಗಲ್ಲಿಯಲ್ಲಿ ಮನೆ.

"ನಾ ನಿನಗ ಜಗಳ ಮಾಡಾಕ ಬಂದಿಲ್ಲವ್ವ" ಎಂದಳು ಮುಕ್ತಾಬಾಯಿ. "ಆದ್ರ ಒಂದು ಹೇಳಿ ಹೋಗ್ತೀನಿ. ತಂಗಿ ಹೋದಾಗ ನನ್ನ ಕೈಯಾಗ ಹಸಿಗೂಸು ಇತ್ತು. ಅತ್ರ ಹಾಲು ಬತ್ತತದ ಅಂತ ಅಳಾಕ ಬಿಡಲಿಲ್ಲ. ಆಮ್ಯಾಲ ಅಳಾಕ ಯಾಳ್ಯೇನೇ ಸಿಗಲಿಲ್ಲ. ನಿನ್ನ ಹಾಡು ಕೇಳಿದ ದಿನ ನಾ ಮೊದಲನೇ ಸಲ ಅತ್ತೆ. ಈಗ ನೀನೇ ಅದನ್ನ ಕುಣಿಯೋ ಹಾಡು ಮಾಡಿದಿ ಅಂತ ಕೇಳಿದೆ. ನಾ ಎಲ್ಲಿಗಿ ಹೋಗ್ಲಿ?"

ಮಂಗಲಾ ಚಪ್ಪಲಿ ಮೆಟ್ಟಿಕೊಂಡು, "ನಡೀರಿ ಅಕ್ಕಾ, ನಿಮ್ಮ ಮನಿಗಿ ಹೋಗೋಣು" ಎಂದಳು.

ಹಿಂದಿನ ಗಲ್ಲಿಯ ಆ ಸಣ್ಣ ಮನೆಯಲ್ಲಿ, ಗಿಟಾರಿಲ್ಲದೆ, ಮೈಕಿಲ್ಲದೆ, ಚಾಪೆಯ ಮೇಲೆ ಕೂತು ಮಂಗಲಾ ಹಳೆಯ ರೀತಿಯಲ್ಲಿ ಹಾಡಿದಳು. ನಿಲೇಶ ಬರೆದ ಮರಾಠಿ ಸಾಲುಗಳನ್ನೂ ಒಂದೂ ಬಿಡದೆ ಹಾಡಿದಳು. ಮುಕ್ತಾಬಾಯಿ ಗೋಡೆಗೆ ತಲೆಯಾನಿಸಿ ಅತ್ತಳು. ಮಂಗಲಾ ಅಳಲಿಲ್ಲ, ಅಳಬೇಕೆಂದು ಯಾರೂ ಕಾಯುತ್ತಲೂ ಇರಲಿಲ್ಲ. ಹಾಡು ಮುಗಿದ ಮೇಲೆ ಮುಕ್ತಾಬಾಯಿ ತಂಗಿಯ ಬಗ್ಗೆ ಹೇಳತೊಡಗಿದಳು: ಅವಳಿಗೆ ಸೀತಾಫಲ ಎಂದರೆ ಪ್ರಾಣ, ಬೀಜ ಉಗುಳಿ ಅಕ್ಕನ ಬೆನ್ನಿಗೆ ಗುರಿಯಿಡುತ್ತಿದ್ದಳು, ಗುರಿ ಎಂದೂ ತಪ್ಪುತ್ತಿರಲಿಲ್ಲ. ಕತ್ತಲಾಗುವವರೆಗೂ ಹೇಳಿದಳು. ಮಂಗಲಾ ಕೂತು ಕೇಳಿದಳು.

ಅದರ ಮುಂದಿನ ವರ್ಷ ಮಾಳಿಗೆಯ ಕೋಣೆಯಲ್ಲೇ ಕುಸುಬಿ ಬ್ಯಾಂಡಿನ ಹೊಸ ಹಾಡುಗಳೆಲ್ಲ ರೆಕಾರ್ಡಾದವು. ಎಲ್ಲವೂ ಓಡುವ ಹಾಡುಗಳು. ಒಂದರಲ್ಲಿ ಸೀತಾಫಲದ ಬೀಜ ಉಗುಳುವ ತಂಗಿಯೊಬ್ಬಳು ಬರುತ್ತಾಳೆ. ಹಾಡು ಹೊರಗೆ ಬಿಡುವ ಮೊದಲು ಮುಕ್ತಾಬಾಯಿಗೆ ಕೇಳಿಸಿ, ಅವಳು ಹೂಂ ಎಂದ ಮೇಲೆಯೇ ಬಿಟ್ಟರು. ಹಳೆಯ ಹಾಡಿನಷ್ಟು ಇವು ಹರಡಲಿಲ್ಲ. ಪುಣೆಯ ಕರೆಗಳು ನಿಂತವು. ಆ ದೊಡ್ಡ ಕಾರ್ಯಕ್ರಮದಲ್ಲಿ ಇನ್ಯಾರೋ ಹಾಡಿದರು. ಆದರೆ ನಿಲಂಗಾ, ಉದಗೀರದ ಕಡೆಯ ಮದುವೆಗಳಲ್ಲಿ ಈಗ ಹೆಣ್ಣಿನ ಕಡೆಯವರು ಹಿಂದಿನಾಕಿ, ಗಂಡಿನ ಕಡೆಯವರು ಮುಂದಿನಾಕಿ ಎಂದು ಎರಡು ಗುಂಪಾಗಿ ನಿಂತು ಹಾಡುತ್ತಾರೆ. ಯಾರು ಕಟ್ಟಿದ್ದು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ.

ಭೂಕಂಪದ ನೆನಪಿನ ದಿನ ಮಂಗಲಾ ಇವತ್ತಿಗೂ ಸಾಸ್ತೂರಿಗೆ ಹೋಗುತ್ತಾಳೆ. ಸ್ಮಾರಕಕ್ಕೆ ಹೂ ಹಾಕುತ್ತಾಳೆ, ವೇದಿಕೆ ಹತ್ತುವುದಿಲ್ಲ. ಭಾಷಣಗಳು ನಡೆಯುತ್ತಿರುವಾಗ ಮೆಲ್ಲಗೆ ಎದ್ದು ಹೆಂಗಸರ ನಡುವೆ ಹೋಗಿ ಕೂರುತ್ತಾಳೆ. ಹೋದ ವರ್ಷ ಅಲ್ಲಿ ಅವಳ ಪಕ್ಕ ಕೂತಿದ್ದ ಗುರುತಿಲ್ಲದ ಮುದುಕಿಯೊಬ್ಬಳು, ನೀ ಮಾಣಿಕನ ಮಗಳಲ್ಲವೇ ಎಂದು ಕೇಳಿ, ನಿಮ್ಮವ್ವ ಸೌತೆಕಾಯಿ ಕದಿಯಲು ಹೋಗಿ ಸಿಕ್ಕಿಬಿದ್ದ ಕತೆ ಗೊತ್ತೇನು ಎಂದಳು. ಗೊತ್ತಿಲ್ಲ ಎಂದು ಮಂಗಲಾ ಅವಳ ಹತ್ತಿರ ಸರಿದು ಕೂತಳು.